ಹರಿಕೇನ್ ಜೀಪಿನ ಟೈಮಿಂಗ್ ಗೇರ್ ಮತ್ತೆ ಹಲ್ಲು ಉದುರಿಸಿದೆ, ಎರಡು ವರ್ಷದಲ್ಲಿ ಎರಡನೇ ಸಲ

ಬಾತಿ_ಜೀಪ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನಮ್ಮದು ತಾತನ ಕಾಲದ ಮಹೀಂದ್ರ ಸಿಜೆ-3ಬಿ. ಪೆಟ್ರೋಲ್ ಹರಿಕೇನ್ ಎಂಜಿನ್, ಇವತ್ತಿಗೂ ಅದೇ. ತಾತ ಹತ್ತಿ ಖರೀದಿಗೆ ಹಳ್ಳಿ ಹಳ್ಳಿ ಸುತ್ತಿದ ಗಾಡಿ. ಕಳೆದ ಭಾನುವಾರ ಚಿತ್ರದುರ್ಗಕ್ಕೆ ಹೊರಟಿದ್ದೆ. ಆನಗೋಡು ದಾಟಿ, ಭರಮಸಾಗರ ಇನ್ನೇನು ಬಂತು ಅನ್ನುವಾಗ ಎಂಜಿನ್ ಆಫ್ ಆಯಿತು. ಕೆಮ್ಮಲಿಲ್ಲ, ಎಳೆಯಲಿಲ್ಲ. ಸ್ವಿಚ್ ತೆಗೆದ ಹಾಗೆ ನಿಂತಿತು.

ಪೆಟ್ರೋಲ್ ಬರುತ್ತಿತ್ತು. ಹ್ಯಾಂಡಲ್ ಹಾಕಿ ತಿರುಗಿಸಿದರೆ ಎಂದಿನ ತಾಳ ಇಲ್ಲ. ನಾಲ್ಕು ಸಿಲಿಂಡರಿನ ಭಾರ ಒಂದಾದ ಮೇಲೆ ಒಂದು ಕೈಗೆ ಗೊತ್ತಾಗುತ್ತದಲ್ಲ, ಅದು ತಪ್ಪಿಹೋಗಿತ್ತು. ಡೆಲ್ಕೊ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಕ್ಯಾಪ್ ತೆಗೆದೆ. ತಮ್ಮನಿಗೆ ಹ್ಯಾಂಡಲ್ ಕೊಟ್ಟು ನಾನು ಬಗ್ಗಿ ನೋಡಿದೆ. ಮುಂದೆ ಫ್ಯಾನ್ ತಿರುಗುತ್ತಿದೆ, ರೋಟರ್ ಮಾತ್ರ ಕಲ್ಲಿನ ಬಸವನ ಹಾಗೆ ಕೂತಿದೆ. ಅಲ್ಲಿಗೆ ಗೊತ್ತಾಯಿತು, ಟೈಮಿಂಗ್ ಗೇರ್ ಹೋಗಿದೆ ಅಂತ. ಟ್ರ್ಯಾಕ್ಟರ್ ಕಟ್ಟಿ ಎಳೆಸಿಕೊಂಡು ಮನೆಗೆ ಬಂದೆ.

ಹೊಟ್ಟೆ ಉರಿಯೋದು ಯಾಕೆ ಅಂದರೆ, ಇದೇ ಕ್ಯಾಮ್ ಗೇರ್ (ವಾಲ್ವ್ ಎತ್ತುವ ಕ್ಯಾಮ್ ದಂಡವನ್ನು ತಿರುಗಿಸುವ ಟೈಮಿಂಗ್ ಗೇರ್) ಎರಡು ವರ್ಷದ ಹಿಂದೆ ಹೋಗಿತ್ತು. ಒಂದು ಗ್ಯಾರೇಜಿನಲ್ಲಿ ಹೊಸದು ಹಾಕಿಸಿದ್ದೆ. ಅದಾದ ಮೇಲೆ ಗಾಡಿ ಓಡಿದ್ದು ಮೂರು ಸಾವಿರ ಕಿಲೋಮೀಟರ್ ಇರಬಹುದು. ಈಗ ಮತ್ತೆ ಫೈಬರ್ ಹಾಕಲಾ, ಸ್ಟೀಲ್ ಹಾಕಲಾ? ಈ ಸಲ ಕೆಲಸ ನಾನೇ ಮಾಡಬೇಕು ಅಂತ ಇದ್ದೇನೆ.

ಡೀಸೆಲ್_ದೋಸ್ತ್ (ಹರಪನಹಳ್ಳಿ)

ಎಂಜಿನ್ ಇಳಿಸಿ ಡೀಸೆಲ್ ಹಾಕಿಸಿಬಿಡಿ ಅಣ್ಣಾ. ನಮ್ಮ ಕಡೆ ಪೆಟ್ರೋಲ್ ಹರಿಕೇನ್ ಇಟ್ಟುಕೊಂಡವರನ್ನು ನಾನು ನೋಡಿಯೇ ಇಲ್ಲ. ಲೀಟರ್‌ಗೆ ಎಷ್ಟು ಕೊಡುತ್ತೆ ಅಂತ ಕೇಳಿದರೆ ಎಲ್ಲರೂ ಮಾತು ಬದಲಾಯಿಸುತ್ತಾರೆ.

ಬಾತಿ_ಜೀಪ್

ಮಾತು ಬದಲಾಯಿಸುತ್ತೇನೆ 😀. ಡೀಸೆಲ್ ಹಾಕಿಸೋ ಹಾಗಿದ್ದರೆ ಅಪ್ಪ ಇಪ್ಪತ್ತೈದು ವರ್ಷದ ಹಿಂದೆಯೇ ಹಾಕಿಸುತ್ತಿದ್ದರು. ಆ ವಿಷಯ ಬಿಡಿ.

ಜೆಸಿರಸ್ತೆ_ಹುಡುಗ (ಬೆಂಗಳೂರು, ಊರು ದಾವಣಗೆರೆ)

ಎರಡು ವರ್ಷದ ಹಿಂದೆ ಹಾಕಿದ ಗೇರ್ ಎಲ್ಲಿಂದ ತಂದಿದ್ದು ಗೊತ್ತಾ? ಇಲ್ಲಿ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆಸಿ ರಸ್ತೆಯಲ್ಲಿ ಈ ಗೇರ್ ಮೂರು ಥರ ಸಿಗುತ್ತದೆ. ಒಂದು ಹಳೇ ಸ್ಟಾಕ್. ಮೇಣದ ಕಾಗದ ಸುತ್ತಿ ಡಬ್ಬಿಯಲ್ಲಿ ಕೂತಿರುತ್ತೆ, ಜನ ಒರಿಜಿನಲ್ ಅಂತ ಕಣ್ಣಿಗೆ ಒತ್ತಿಕೊಂಡು ತಗೋತಾರೆ. ಆದರೆ ನಲವತ್ತು ವರ್ಷ ಗೋದಾಮಿನಲ್ಲಿ ಒಣಗಿದ ಫೈಬರ್ ಅದು. ಎರಡನೆಯದು ಈಗ ತಯಾರಾಗುವ ಫೈಬರ್, ಅದರಲ್ಲಿ ಒಳ್ಳೆಯದೂ ಇದೆ, ಮಣ್ಣೂ ಇದೆ. ಮೂರನೆಯದು ಲೋಹದ್ದು, ಅಲ್ಯೂಮಿನಿಯಂ ಅಥವಾ ಸ್ಟೀಲ್.

ಕೊಳ್ಳುವಾಗ ಉಗುರಿನಿಂದ ಹಲ್ಲಿನ ಅಂಚು ಕೆರೆದು ನೋಡಿ. ಪದರ ಬಿಡುತ್ತಿದ್ದರೆ ವಾಪಸ್ ಕೊಡಿ. ನಡುವಿನ ಕಬ್ಬಿಣದ ಹಬ್‌ಗೂ (ಗೇರಿನ ನಡುಭಾಗ) ಸುತ್ತಲಿನ ಫೈಬರ್‌ಗೂ ಸಂದು ಕಂಡರೂ ಬೇಡ.

ಮಂಡಕ್ಕಿ_ಮಿರ್ಚಿ (ದಾವಣಗೆರೆ)

ನಾನು ಹೊಸಬ, ನಗಬೇಡಿ. ಎಂಜಿನ್ ಒಳಗೆ ಫೈಬರ್ ಗೇರ್ ಯಾಕೆ ಹಾಕುತ್ತಾರೆ? ಮುರಿಯುತ್ತೆ ಅಂತ ಗೊತ್ತಿದ್ದೂ?

ಹರಿಹರದ_ಟರ್ನರ್

ನಗೋದೇನು ತಮ್ಮಾ, ಸರಿಯಾದ ಪ್ರಶ್ನೆಯೇ.

ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಅದಕ್ಕೇ ಕ್ಯಾಮ್ ಗೇರಿಗೆ ಕ್ರ್ಯಾಂಕ್ ಗೇರಿನ ಎರಡರಷ್ಟು ಹಲ್ಲು. ಕ್ಯಾಮ್ ಒಂದೇ ಸಮನೆ ತಿರುಗುವುದಿಲ್ಲ. ವಾಲ್ವ್ ಎತ್ತುವಾಗ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಒತ್ತುತ್ತದೆ, ಇಳಿಯುವಾಗ ಅದೇ ಸ್ಪ್ರಿಂಗ್ ಮುಂದಕ್ಕೆ ದಬ್ಬುತ್ತದೆ. ಹಲ್ಲಿಗೆ ಹಲ್ಲು ಒಮ್ಮೆ ಈ ಮಗ್ಗುಲಲ್ಲಿ, ಒಮ್ಮೆ ಆ ಮಗ್ಗುಲಲ್ಲಿ ಬಡಿಯುತ್ತಾ ಇರುತ್ತದೆ. ಎರಡೂ ಸ್ಟೀಲ್ ಆದರೆ ಅದು ಕಿವಿಗೆ ರಾಚುತ್ತದೆ. ಆ ಕಾಲದವರಿಗೆ ಕಾರು ಸದ್ದಿಲ್ಲದೆ ಓಡಬೇಕಿತ್ತು. ಬಟ್ಟೆಯ ಪದರಕ್ಕೆ ಬೇಕಲೈಟ್ ಜಾತಿಯ ಅಂಟು ಕುಡಿಸಿ, ಒತ್ತಿ, ಬೇಯಿಸಿ ಗೇರ್ ಮಾಡಿದರು. ನಮ್ಮ ಲೇತ್ ಅಂಗಡಿಗಳಲ್ಲಿ ಹೈಲಮ್ ಅನ್ನುತ್ತೇವಲ್ಲ, ಅದೇ ಕುಲ. ಕ್ರ್ಯಾಂಕ್ ಕಡೆ ಸ್ಟೀಲ್, ಕ್ಯಾಮ್ ಕಡೆ ಇದು. ಸದ್ದು ನುಂಗುತ್ತದೆ.

ಹಲ್ಲು ಓರೆಯಾಗಿ ಕೊಯ್ದಿರುವುದೂ ಅದಕ್ಕೇ. ಓರೆ ಹಲ್ಲು ಮೆತ್ತಗೆ ಕೂಡಿಕೊಳ್ಳುತ್ತದೆ. ಆದರೆ ಓರೆ ಹಲ್ಲು ಕ್ಯಾಮನ್ನು ಹಿಂದೆ ಮುಂದೆ ತಳ್ಳುತ್ತದೆ ಕೂಡ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕೋಟೆಬಾಗಿಲು (ಚಿತ್ರದುರ್ಗ)

ಬಾತಿಯವರೇ, ನಿಮ್ಮದು ಪುಣ್ಯದ ಎಂಜಿನ್. ನನ್ನ ಗೋಳು ಕೇಳಿ.

ನಮ್ಮ ಮನೆಯಲ್ಲಿರುವುದು 1948ರ ಷೆವ್ರೊಲೆ, ಆರು ಸಿಲಿಂಡರ್, 216 ಎಂಜಿನ್. ಅಜ್ಜ ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದಾಗ ತಗೊಂಡಿದ್ದು. ಅದರಲ್ಲೂ ಇದೇ ಫೈಬರ್ ಕ್ಯಾಮ್ ಗೇರ್. ಆದರೆ ಗೇರನ್ನು ಕ್ಯಾಮಿಗೆ ಪ್ರೆಸ್ ಮಾಡಿ ಕೂರಿಸಿದ್ದಾರೆ, ಬೋಲ್ಟ್ ಇಲ್ಲ. ಗೇರ್ ಬದಲಾಯಿಸಬೇಕೆಂದರೆ ಕ್ಯಾಮ್ ಪೂರ್ತಿ ಹೊರಗೆ ಬರಬೇಕು. ಕ್ಯಾಮ್ ಬರಬೇಕೆಂದರೆ ರೇಡಿಯೇಟರ್, ಗ್ರಿಲ್, ಪುಷ್‌ರಾಡ್, ಟ್ಯಾಪೆಟ್ ಎಲ್ಲಾ ಬಿಚ್ಚಬೇಕು. ಕ್ಯಾಮ್ ಹಿಡಿದಿರುವ ಪ್ಲೇಟಿನ ಎರಡು ಸ್ಕ್ರೂ ಎಲ್ಲಿವೆ ಗೊತ್ತಾ? ಗೇರಿನ ಹಿಂದೆ! ಗೇರಿನಲ್ಲಿರುವ ತೂತುಗಳನ್ನು ಸರಿಯಾಗಿ ನಿಲ್ಲಿಸಿಕೊಂಡು, ಅದರೊಳಗಿಂದ ಸ್ಕ್ರೂಡ್ರೈವರ್ ತೂರಿಸಿ ಬಿಚ್ಚಬೇಕು.

ಅದಕ್ಕೂ ಮೊದಲು ಟೈಮಿಂಗ್ ಕವರ್ ಬರಬೇಕಲ್ಲ. ಮುಂದಿನ ಬೋಲ್ಟೆಲ್ಲಾ ತೆಗೆದೆವು. ಕವರ್ ಅಲ್ಲಾಡಲಿಲ್ಲ. ನಮ್ಮ ಚಾಚಾ ಮೇಸ್ತ್ರಿ ಅರ್ಧ ಗಂಟೆ ಸುಮ್ನೆ ಅದನ್ನೇ ನೋಡುತ್ತಾ ಬೀಡಿ ಸೇದಿದರು. ಆಮೇಲೆ "ಚೇಂಬರ್ ಇಳಿಸ್ರಿ" ಅಂದರು, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿ. ಇಳಿಸಿ ನೋಡಿದರೆ, ಇನ್ನೆರಡು ಬೋಲ್ಟ್ ಮುಂದಿನ ಮೇನ್ ಬೇರಿಂಗ್ ಹತ್ತಿರ ಹಿಂದುಗಡೆಯಿಂದ ಹಾಕಿದ್ದಾರೆ. ಇದು ಗೊತ್ತಿಲ್ಲದೆ ಕವರಿಗೆ ಉಳಿ ಹಾಕಿ ಮೀಟಿ ಸೊಟ್ಟ ಮಾಡಿದವರು ಎಷ್ಟು ಜನ ಇದ್ದಾರೋ.

ನಿಮ್ಮ ಹರಿಕೇನಿನಲ್ಲಿ ಕ್ಯಾಮ್ ತುದಿಗೆ ಒಂದು ಬೋಲ್ಟ್, ಒಂದು ವಾಷರ್. ಬಿಚ್ಚಿ, ಪುಲ್ಲರ್ ಹಾಕಿ, ಗೇರ್ ಎಳೆದುಕೊಳ್ಳಿ. ಕ್ಯಾಮ್ ಇದ್ದಲ್ಲೇ ಇರುತ್ತದೆ.

ಹಳೇಪಾನಾ (ಹಿರಿಯೂರು)

ನನ್ನದು ಸ್ಟೀಲ್ ಪಕ್ಷ. ಹದಿಮೂರು ವರ್ಷದ ಹಿಂದೆ ನನ್ನ ಜೀಪಿಗೆ ಸ್ಟೀಲ್ ಗೇರ್ ಹಾಕಿಸಿದೆ. ಸದ್ದು ಬರುತ್ತದೆ ನಿಜ, ಸಣ್ಣಗೆ ಕುಂಯ್ ಅನ್ನುತ್ತದೆ. ಆದರೆ ಜೀಪಿನಲ್ಲಿ ಯಾರಿಗೆ ಸದ್ದು ಬೇಡ? ಬಾಗಿಲಿಲ್ಲ, ಟಾಪು ಪಟಪಟ ಹೊಡೆಯುತ್ತದೆ, ಸೈಲೆನ್ಸರ್ ತೂತು. ಅದರ ಮಧ್ಯೆ ಗೇರಿನ ಕುಂಯ್ ಕೇಳಿ ನಿದ್ದೆ ಕೆಟ್ಟವರನ್ನು ನಾನು ಕಂಡಿಲ್ಲ. ಫೈಬರ್ ಹಾಕಿ ಮೂರನೇ ಸಲ ಟ್ರ್ಯಾಕ್ಟರ್ ಹುಡುಕಬೇಡಿ.

ಕೋಟೆಬಾಗಿಲು

ಒಪ್ಪಲ್ಲ ಸಾರ್. ಫೈಬರ್ ಹೋದರೆ ಪುಡಿಯಾಗಿ ಹೋಗುತ್ತದೆ, ಗಾಡಿ ನಿಲ್ಲುತ್ತದೆ, ಅಷ್ಟೇ. ಸ್ಟೀಲ್ ಹಲ್ಲು ಮುರಿದು ಎರಡು ಗೇರ್ ನಡುವೆ ಸಿಕ್ಕಿಕೊಂಡರೆ ಏನಾಗುತ್ತೆ ಯೋಚನೆ ಮಾಡಿ. ಕ್ಯಾಮೇ ಹೋದರೆ ನನ್ನ ಕಾರಿಗೆ ಎಲ್ಲಿಂದ ತರಲಿ?

ಹಳೇಪಾನಾ

ಹದಿಮೂರು ವರ್ಷ ಮುರಿದಿಲ್ಲವಲ್ಲ ಮೇಡಂ.

ಹರಿಹರದ_ಟರ್ನರ್

ಇಬ್ಬರದೂ ಸರಿ. ಆದರೆ ಜಗಳ ಬೇರೆ ಕಡೆ ಇದೆ. ಒಳ್ಳೆಯ ಫೈಬರ್ ಗೇರ್ ಐವತ್ತು ಸಾವಿರ ಕಿಲೋಮೀಟರ್ ಓಡಿದ್ದನ್ನು ನಾನು ಕೈಯಾರೆ ಬಿಚ್ಚಿ ನೋಡಿದ್ದೇನೆ. ಇವರದು ಮೂರು ಸಾವಿರಕ್ಕೆ ಹೋಗಿದೆ. ಗೇರ್ ಸತ್ತಿದೆ, ಸರಿ. ಕೊಂದವರು ಯಾರು? ಅದು ಗೊತ್ತಾಗದೆ ಸ್ಟೀಲ್ ಹಾಕಿದರೆ, ಸಾಯೋದು ಸ್ವಲ್ಪ ತಡ ಆಗುತ್ತದೆ ಅಷ್ಟೇ.

ಬಾತಿಯವರೇ, ಬಿಚ್ಚುವಾಗ ಮೂರು ವಿಷಯ ನೋಡಿ ಇಲ್ಲಿ ಬರೆಯಿರಿ.

ಹೋದ ಸಲ ಕ್ರ್ಯಾಂಕ್ ಗೇರ್ ಬದಲಾಯಿಸಿದ್ದರಾ, ಇಲ್ಲಾ ಕ್ಯಾಮ್ ಗೇರ್ ಮಾತ್ರನಾ? ಹಳೇ ಸ್ಟೀಲ್ ಗೇರಿನ ಹಲ್ಲಿನ ಮೇಲೆ ಬೆರಳು ಆಡಿಸಿ. ಅಂಚು ಬ್ಲೇಡಿನ ಹಾಗೆ ಚೂಪಾಗಿದ್ದರೆ ಅದು ಹೊಸ ಫೈಬರನ್ನು ತುರಿಮಣೆ ತೆಂಗಿನಕಾಯಿ ತುರಿದ ಹಾಗೆ ತುರಿಯುತ್ತದೆ.

ಎರಡು, ಹಳೇ ಗೇರ್ ಬಿಚ್ಚುವ ಮೊದಲು ಕ್ಯಾಮನ್ನು ಹಿಂದೆ ಮುಂದೆ ಎಳೆದು ನೋಡಿ. ಆ ಓಡಾಟಕ್ಕೆ ಎಂಡ್ ಪ್ಲೇ ಅನ್ನುತ್ತಾರೆ. ಅದು 4ರಿಂದ 7 ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಇರಬೇಕು, ಅಂದರೆ ಹೆಚ್ಚುಕಡಿಮೆ 0.10ರಿಂದ 0.18 ಮಿಲಿಮೀಟರ್.

ಮೂರನೆಯದೇ ಮುಖ್ಯ. ಎರಡು ಗೇರ್ ಕೂಡುವ ಜಾಗದ ಎದುರಿಗೆ ಬ್ಲಾಕಿನಲ್ಲಿ ಒಂದು ಸಣ್ಣ ಆಯಿಲ್ ಜೆಟ್ ಒತ್ತಿ ಕೂರಿಸಿರುತ್ತಾರೆ. ಅದರ ತೂತು 40 ಥೌ, ಸರಿಸುಮಾರು ಒಂದು ಮಿಲಿಮೀಟರ್. ಅದರಿಂದ ಆಯಿಲ್ ಚಿಮ್ಮಿ, ಹಲ್ಲು ಕೂಡುವ ಸ್ವಲ್ಪ ಮೊದಲೇ ಕ್ಯಾಮ್ ಗೇರಿನ ಮೇಲೆ ಬೀಳಬೇಕು. ಆ ಜೆಟ್ ಇದೆ ಅಂತ ಗೊತ್ತಿಲ್ಲದ ಮೇಸ್ತ್ರಿಗಳು ಬೇಕಾದಷ್ಟಿದ್ದಾರೆ. ಅದು ಹೇಗಿದೆ?

ಬಾತಿ_ಜೀಪ್

ಜೆಟ್ಟಾ? ಈ ಹೆಸರೇ ಮೊದಲ ಸಲ ಕೇಳುತ್ತಿದ್ದೇನೆ. ಶನಿವಾರ ಬಿಚ್ಚುತ್ತೇನೆ.

ಸೇನೆಜೀಪ್_45 (ಚಿತ್ರದುರ್ಗ)

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದು ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್. ಅದರಲ್ಲಿ ಗೇರ್ ಅಲ್ಲ, ಚೈನ್. ಚೈನ್ ಸಡಿಲ ಆಗಿದೆ. ಇದೇ ಗೇರ್ ಜೋಡಿ ತಂದು ಹಾಕಿಬಿಡಬಹುದಾ?

ಹರಿಹರದ_ಟರ್ನರ್

ಬೇಡವೇ ಬೇಡ. ಚೈನ್ ಇದ್ದರೆ ಕ್ಯಾಮ್ ಕೂಡ ಕ್ರ್ಯಾಂಕ್ ತಿರುಗುವ ಕಡೆಗೇ ತಿರುಗುತ್ತದೆ. ಗೇರಿಗೆ ಗೇರ್ ಕೂಡಿದರೆ ಉಲ್ಟಾ ತಿರುಗುತ್ತದೆ. ಸೈಕಲ್ ಚೈನನ್ನೂ ಕಬ್ಬಿನ ಗಾಣವನ್ನೂ ನೆನೆಸಿಕೊಳ್ಳಿ. ವಿಲ್ಲಿಸ್ ಕಂಪನಿಯವರು ಯುದ್ಧ ಮುಗಿದ ಮೇಲೆ ಸಿಜೆ-2ಎ ಜೀಪ್ ಮಾಡುತ್ತಿದ್ದಾಗ ಚೈನ್ ಬಿಟ್ಟು ಗೇರಿಗೆ ಬಂದರು. ಆಗ ಕ್ಯಾಮ್ ಬೇರೆ ಆಯಿತು, ಆಯಿಲ್ ಪಂಪ್ ಬೇರೆ ಆಯಿತು. ಹಳೆಯದಕ್ಕೆ ಹೊಸದು ಬೆರೆಸಿದರೆ ಪಂಪ್ ಉಲ್ಟಾ ತಿರುಗುತ್ತದೆ. ನಿಮಗೆ ಚೈನು, ಎರಡು ಸ್ಪ್ರಾಕೆಟ್ಟೇ ಗತಿ.

ಮಂಡಕ್ಕಿ_ಮಿರ್ಚಿ

ನಮ್ಮ ಅಂಬಾಸಡರ್‌ನಲ್ಲೂ ಇದೇ ಗೇರಾ ಅಣ್ಣಾ?

ಹಳೇಪಾನಾ

ಹಳೇ ಪೆಟ್ರೋಲ್ ಅಂಬಾಸಡರ್ ಆದರೆ ಚೈನ್. ಅದಕ್ಕೆ ಬೇರೆ ಚರ್ಚೆ ಶುರು ಮಾಡು ಮರಿ, ಇದು ಈಗಾಗಲೇ ಸಂತೆ ಆಗಿದೆ.

ಬಾತಿ_ಜೀಪ್

ಬಿಚ್ಚಿದೆ. ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಕೂತವನು ಸಂಜೆ ಆರಕ್ಕೆ ಎದ್ದೆ. ಎದುರು ಮನೆಯವರು ಗಾಡಿ ಗುಜರಿಗೆ ಹಾಕ್ತಿದ್ದೀರಾ ಅಂತ ಕೇಳಿ ಹೋದರು.

ರೇಡಿಯೇಟರ್, ಫ್ಯಾನ್ ತೆಗೆದೆ. ಹ್ಯಾಂಡಲ್ ಕಚ್ಚುವ ನಟ್ ಬಿಚ್ಚೋದಕ್ಕೇ ಒಂದು ಗಂಟೆ. ಕವರ್ ತೆಗೆದಾಗ ಮೊದಲು ಕಂಡಿದ್ದು ಬೂದು ಬಣ್ಣದ ಸಿಲಿಕಾನ್ ಪೇಸ್ಟ್. ಪ್ಯಾಕಿಂಗಿನ ಎರಡೂ ಕಡೆ ಮೊಸರನ್ನಕ್ಕೆ ಮೊಸರು ಸುರಿದ ಹಾಗೆ ಬಳಿದಿದ್ದಾರೆ. ಒಳಗಡೆಗೆ ಹಿಂಡಿಕೊಂಡು ಬಂದು, ಶ್ಯಾವಿಗೆ ಹಾಗೆ ನೇತಾಡುತ್ತಿತ್ತು.

ಕ್ಯಾಮ್ ಗೇರಿನಲ್ಲಿ ಒಂದು ಕಡೆ ಹನ್ನೊಂದು ಹಲ್ಲು ಪೂರ್ತಿ ಇಲ್ಲ. ಉಳಿದ ಹಲ್ಲು ಚಾಕುವಿನ ಹಾಗೆ ಸಣ್ಣಗಾಗಿವೆ. ಮುಖ್ಯವಾಗಿ ಅದರ ಬಣ್ಣ. ಆಯಿಲಿನಲ್ಲಿ ಓಡಿದ ಗೇರ್ ಕಪ್ಪಗೆ ಮಿಂಚಬೇಕಲ್ವಾ? ಇದು ಒಣಗಿದ ಸಗಣಿ ಬಣ್ಣ. ಮುಟ್ಟಿದರೆ ಕೈಗೆ ಪುಡಿ.

ಟರ್ನರ್ ಸಾರ್, ನಿಮ್ಮ ಮೂರು ಪ್ರಶ್ನೆಗೆ ಉತ್ತರ. ಕ್ರ್ಯಾಂಕ್ ಗೇರ್ ಹಳೆಯದೇ. ಹಲ್ಲಿನ ಅಂಚಿಗೆ ಬೆರಳು ಕೊಯ್ದುಕೊಂಡೆ. ಎಂಡ್ ಪ್ಲೇ ನೋಡಲು ಗೇರಿಗೂ ಹಿಂದಿನ ಪ್ಲೇಟಿಗೂ ನಡುವೆ ಫೀಲರ್ ಗೇಜ್ ತೂರಿಸಿದೆ. 13 ಥೌ ಎಲೆ ಸಲೀಸಾಗಿ ಹೋಯಿತು.

ಜೆಟ್ ಹುಡುಕಲು ಟಾರ್ಚ್ ಹಿಡಿದು ಹತ್ತು ನಿಮಿಷ ನೋಡಿದೆ. ಅದೇ ಬೂದು ಪೇಸ್ಟ್ ಅದರ ಬಾಯಿಗೆ ಬಿರಡೆ ಹಾಕಿದ ಹಾಗೆ ಕೂತಿತ್ತು. ಬೈಕಿನ ಕ್ಲಚ್ ವೈರಿನ ಒಂದು ಎಳೆ ತಗೊಂಡು ಚುಚ್ಚಿದೆ. ಮೊದಲು ಪೇಸ್ಟ್ ಬಂತು, ಆಮೇಲೆ ಒಳಗಿಂದ ಇದ್ದಿಲಿನ ಥರ ಕರಿ ಕಸ. ಎರಡು ವರ್ಷ ಒಂದು ಹನಿ ಆಯಿಲ್ ಕೂಡ ಬಿದ್ದಿಲ್ಲ ಅಂತ ಕಾಣುತ್ತದೆ.

ಹರಿಹರದ_ಟರ್ನರ್

ಸಿಕ್ಕಿತಲ್ಲ.

ಹಳೇಪಾನಾ

ಟರ್ನರ್ ಅವರೇ, ಸ್ಟೀಲ್ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ಆದರೆ ನನ್ನ ಜೀಪಿನ ಜೆಟ್ ನಾನೂ ಯಾವತ್ತೂ ನೋಡಿಲ್ಲ ಅಂತ ಈಗ ನೆನಪಾಯಿತು. ರಾತ್ರಿ ನಿದ್ದೆ ಬರಲಿಕ್ಕಿಲ್ಲ.

ಜೆಸಿರಸ್ತೆ_ಹುಡುಗ

ಬಾತಿ ಅಣ್ಣಾ, ಗೇರಿನ ಪುಡಿ ಎಲ್ಲಿ ಹೋಯಿತು ಹೇಳಿ? ಹನ್ನೊಂದು ಹಲ್ಲು ಗಾಳಿಗೆ ಹಾರಿಲ್ಲ. ಚೇಂಬರ್ ಇಳಿಸಲೇಬೇಕು.

ಬಾತಿ_ಜೀಪ್

ಹೌದು, ಇವತ್ತು ಇಳಿಸಿದೆ. ಈ ಎಂಜಿನ್‌ನಲ್ಲಿ ಆಯಿಲ್ ಎಳೆಯುವ ಜಾಲರಿ ಆಯಿಲಿನ ಮೇಲೆ ತೇಲುತ್ತಿರುತ್ತದೆ. ಅದರ ಕೆಳಗೆ ಶೇಂಗಾ ಹುರಿದು ಉಜ್ಜಿದಾಗ ಕೆಂಪು ಸಿಪ್ಪೆ ಬೀಳುತ್ತಲ್ಲ, ಥೇಟ್ ಹಾಗೇ ಒಂದು ಬೊಗಸೆ. ಜಾಲರಿ ಅರ್ಧ ಮುಚ್ಚಿತ್ತು. ಇದನ್ನು ಹಾಗೇ ಬಿಟ್ಟು ಹೊಸ ಗೇರ್ ಹಾಕಿ ಓಡಿಸಿದ್ದರೆ ಮೇನ್ ಬೇರಿಂಗೇ ಹೋಗುತ್ತಿತ್ತು. ಚೇಂಬರ್, ಜಾಲರಿ, ಆಯಿಲ್ ಪಂಪ್ ಎಲ್ಲಾ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಇಟ್ಟಿದ್ದೇನೆ.

13 ಥೌ ಎಂಡ್ ಪ್ಲೇ ಕಡಿಮೆ ಮಾಡೋದು ಹೇಗೆ? ಗೇರಿನ ಹಿಂದೆ ಕ್ಯಾಮನ್ನು ಹಿಡಿದಿರುವ ಥ್ರಸ್ಟ್ ಪ್ಲೇಟ್ ಹೊಸದು ಎಲ್ಲೂ ಸಿಗುತ್ತಿಲ್ಲ.

ಹರಿಹರದ_ಟರ್ನರ್

ಪ್ಲೇಟ್ ಬೇಕಾಗಿಲ್ಲ. ಪ್ಲೇಟಿನ ನಡುವೆ ಒಂದು ಉಂಗುರ ಇದೆ ನೋಡಿ, ಸ್ಪೇಸರ್. ಕ್ಯಾಮಿನ ಭುಜಕ್ಕೂ ಗೇರಿನ ಹಬ್ಬಿಗೂ ನಡುವೆ ಕೂರುತ್ತದೆ. ಸ್ಪೇಸರ್ ದಪ್ಪ ಎಷ್ಟೋ, ಅದರಲ್ಲಿ ಪ್ಲೇಟಿನ ದಪ್ಪ ಕಳೆದರೆ ಉಳಿಯುವುದೇ ಎಂಡ್ ಪ್ಲೇ. ನಿಮ್ಮ ಪ್ಲೇಟ್ ಸವೆದು ತೆಳ್ಳಗಾಗಿದೆ, ಸ್ಪೇಸರ್ ಹಾಗೇ ಇದೆ. ಅದಕ್ಕೇ 13. ಈಗ ಸ್ಪೇಸರನ್ನು 8 ಥೌ ಸಣ್ಣ ಮಾಡಿದರೆ 5ಕ್ಕೆ ಬರುತ್ತದೆ.

ಲೇತಿಗೆ ಕೊಡಬೇಡಿ. ಒಂದು ದಪ್ಪ ಗಾಜು ತಗೊಳ್ಳಿ, ಹಳೇ ಟೇಬಲ್ಲಿನದಾದರೂ ಸರಿ. ಅದರ ಮೇಲೆ ಎಮೆರಿ ಹಾಳೆ ಹಾಸಿ, ಎರಡು ಹನಿ ಆಯಿಲ್. ಸ್ಪೇಸರನ್ನು ಬೆರಳಿನಿಂದ ಒತ್ತಿ 8 ಅಂಕಿ ಬರೆದ ಹಾಗೆ ಉಜ್ಜಿ. ಇಪ್ಪತ್ತು ಸಲ ಉಜ್ಜಿ, ಉಂಗುರ ಕಾಲು ತಿರುವು ತಿರುಗಿಸಿ, ಮತ್ತೆ ಇಪ್ಪತ್ತು. ಮೈಕ್ರೋಮೀಟರ್‌ನಲ್ಲಿ ನಾಲ್ಕು ಕಡೆ ಅಳೆಯುತ್ತಾ ಹೋಗಿ. ಒಂದು ಕಡೆ ಜಾಸ್ತಿ ಸವೆದರೆ ಗೇರ್ ಸೊಟ್ಟ ಕೂರುತ್ತದೆ. ಅವಸರ ಬೇಡ. ಜಾಸ್ತಿ ಉಜ್ಜಿದರೆ ಪ್ಲೇ ಇಲ್ಲದೆ ಕ್ಯಾಮ್ ಹಿಡಿದುಕೊಳ್ಳುತ್ತದೆ, ಆಗ ಶಿಮ್ (ಸಂದಿಗೆ ತುಂಬುವ ತೆಳು ತಗಡು) ಹುಡುಕಬೇಕು.

ನಾನು ಮೈಸೂರು ಕಿರ್ಲೋಸ್ಕರ್‌ನಲ್ಲಿ ಅಪ್ರೆಂಟಿಸ್ ಆಗಿದ್ದಾಗ ಮೊದಲ ತಿಂಗಳು ಇಂಥದ್ದೇ ಕೆಲಸ. ಲೇತ್ ಮುಟ್ಟೋಕೆ ಬಿಡುತ್ತಿರಲಿಲ್ಲ, ಬರೀ ಫೈಲು, ಎಮೆರಿ, ಅಳತೆ. ಊರಿಗೆಲ್ಲಾ ಲೇತ್ ಮಾಡಿ ಕಳಿಸುವ ಕಾರ್ಖಾನೆಯಲ್ಲಿ ನಾವು ಗಾಜಿನ ಮೇಲೆ ಉಂಗುರ ಉಜ್ಜುತ್ತಾ ಕೂತಿದ್ದೆವು.

ಎಂಡ್ ಪ್ಲೇ ಯಾಕೆ ಇಷ್ಟು ಮುಖ್ಯ ಅಂದರೆ, ಓರೆ ಹಲ್ಲು ಅಂತ ಆವತ್ತು ಹೇಳಿದ್ದೆನಲ್ಲ. ಕ್ಯಾಮ್ ಹಿಂದೆ ಮುಂದೆ ಓಡಾಡಿದರೆ ಹಲ್ಲಿನ ಮೇಲೆ ಪ್ರತಿ ಸಲ ಏಟು ಬೀಳುತ್ತದೆ, ಜೊತೆಗೆ ಟೈಮಿಂಗ್ ಕೂಡ ಆ ಚೂರಿನಷ್ಟು ಓಲಾಡುತ್ತದೆ. ನಿಮ್ಮ ಗೇರಿಗೆ ಒಣಗಿದ ಹೊಟ್ಟೆ, ಮೇಲಿಂದ ಸುತ್ತಿಗೆ ಏಟು, ಪಕ್ಕದಲ್ಲಿ ಬ್ಲೇಡಿನಂಥ ಕ್ರ್ಯಾಂಕ್ ಗೇರ್. ಮೂರು ಸಾವಿರ ಓಡಿದ್ದೇ ಹೆಚ್ಚು.

ಕೋಟೆಬಾಗಿಲು

ಕೂರಿಸುವಾಗ ಒಂದು ಎಚ್ಚರಿಕೆ. ಕ್ಯಾಮ್ ಗೇರನ್ನು ಸುತ್ತಿಗೆಯಲ್ಲಿ ಹೊಡೆಯಬೇಡಿ. ಕ್ಯಾಮ್ ಹಿಂದಕ್ಕೆ ಸರಿದು ಬ್ಲಾಕಿನ ಹಿಂತುದಿಯಲ್ಲಿರುವ ಮುಚ್ಚಳ ಕಿತ್ತು ಬರಬಹುದು. ಆಮೇಲೆ ಕ್ಲಚ್ ಕಡೆ ಆಯಿಲ್ ಸೋರುತ್ತದೆ, ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ. ನನ್ನ ಕಾರಿಗೆ ಹಿಂದೊಮ್ಮೆ ಒಬ್ಬರು ಹೀಗೆ ಮಾಡಿದ್ದರು. ಬೋಲ್ಟ್ ಹಾಕಿ ನಿಧಾನವಾಗಿ ಒಳಗೆ ಎಳೆದುಕೊಳ್ಳಿ.

ಎಳೆಯುವಾಗ ಪುಲ್ಲರ್ ಕೂಡ ಹಬ್ಬಿಗೆ ಹಿಡಿಯಬೇಕು, ಫೈಬರ್ ಅಂಚಿಗಲ್ಲ. ನಿಮ್ಮ ಹಳೆಯದು ಹೇಗೂ ಹಾಳಾಗಿದೆ, ಆದರೆ ಅಭ್ಯಾಸ ಇರಲಿ.

ಹರಿಹರದ_ಟರ್ನರ್

ಮೇಡಂ ಹೇಳಿದ್ದು ಲಾಖ್ ಮಾತು. ಕ್ರ್ಯಾಂಕ್ ಗೇರ್ ಸ್ಟೀಲ್, ಅದನ್ನು ಬಿಸಿ ಆಯಿಲಿನಲ್ಲಿ ಮುಳುಗಿಸಿ ಇಟ್ಟು ಹಾಕಿದರೆ ಜಾರಿ ಕೂರುತ್ತದೆ. ಫೈಬರ್ ಗೇರಿಗೆ ಮಾತ್ರ ಗ್ಯಾಸ್ ಬೆಂಕಿ ತೋರಿಸಬೇಡಿ, ಅಂಟು ಸುಟ್ಟುಹೋಗುತ್ತದೆ.

ಎರಡೂ ಗೇರಿನಲ್ಲಿ ಪಂಚ್ ಗುರುತು ಇದೆ. ಗುರುತಿಗೆ ಗುರುತು ಎದುರಾಗಿ ಕೂಡಬೇಕು. ಒಂದು ಹಲ್ಲು ಆಚೀಚೆ ಆದರೂ ಗಾಡಿ ಸ್ಟಾರ್ಟ್ ಆಗಬಹುದು, ಆದರೆ ಎಳೆಯಲ್ಲ, ಬಿಸಿ ಆಗುತ್ತದೆ, ಆಮೇಲೆ ನೀವು ಕಾರ್ಬೋರೇಟರ್ ಬಿಚ್ಚುತ್ತಾ ಕೂರುತ್ತೀರಿ. ಕೂಡಿಸಿದ ಮೇಲೆ ಹಲ್ಲುಗಳ ನಡುವಿನ ಸಂದು 2 ಥೌ ಮೀರಬಾರದು. ಒಂದೇ ಕಡೆ ಅಳೆದು ಬಿಡಬೇಡಿ, ಎಂಜಿನ್ ತಿರುಗಿಸುತ್ತಾ ನಾಲ್ಕು ಜಾಗದಲ್ಲಿ ಅಳೆಯಿರಿ.

ಬಾತಿ_ಜೀಪ್

ಒಂದು ವಾರ ಆಯಿತು, ವರದಿ ಒಪ್ಪಿಸುತ್ತೇನೆ.

ಜೋಡಿ ಗೇರ್ ಜೆಸಿ ರಸ್ತೆಯಿಂದ ತರಿಸಿದೆ. ಈಗ ತಯಾರಾಗಿದ್ದು, ಫೈಬರ್ ಮತ್ತು ಸ್ಟೀಲ್. (ಹಳೇಪಾನಾ ಸಾರ್, ಬೈಯಬೇಡಿ.) ಸ್ಪೇಸರ್ ಉಜ್ಜೋಕೆ ಎರಡು ಸಂಜೆ ಹಿಡಿಯಿತು. ನಮ್ಮ ಟೀವಿ ಸ್ಟ್ಯಾಂಡಿನ ಗಾಜು ಬಳಸಿದೆ, ಮನೆಯಲ್ಲಿ ಇನ್ನೂ ಗೊತ್ತಾಗಿಲ್ಲ. ಮೊದಲ ಸಂಜೆ 3 ಥೌ ಮಾತ್ರ ಇಳಿಯಿತು. ಕೊನೆಗೆ ಎಂಡ್ ಪ್ಲೇ 5 ಥೌ ಬಂತು. ಹಲ್ಲಿನ ಸಂದಿಗೆ 2 ಥೌ ಎಲೆ ಎರಡು ಜಾಗದಲ್ಲಿ ಬಿಗಿಯಾಗಿ ಹೋಯಿತು, ಇನ್ನೆರಡು ಜಾಗದಲ್ಲಿ ಹೋಗಲೇ ಇಲ್ಲ.

ಜೆಟ್ ಪರೀಕ್ಷೆಗೆ ಒಂದು ಉಪಾಯ ಮಾಡಿದೆ. ಕವರ್ ಹಾಕುವ ಮೊದಲು ಆಯಿಲ್ ಗ್ಯಾಲರಿಗೆ (ಬ್ಲಾಕಿನೊಳಗೆ ಆಯಿಲ್ ಹರಿಯುವ ದಾರಿ) ಎಣ್ಣೆ ಡಬ್ಬಿಯಿಂದ ಒತ್ತಿದೆ. ಕೂದಲೆಳೆಯಷ್ಟು ಸಣ್ಣ ಧಾರೆ ನೇರವಾಗಿ ಗೇರಿನ ಮೇಲೆ ಬಿತ್ತು. ಎಷ್ಟು ಖುಷಿ ಆಯಿತು ಅಂದರೆ ತಮ್ಮನನ್ನು ಕರೆದು ಮೂರು ಸಲ ತೋರಿಸಿದೆ.

ಆಮೇಲೆ ಎಲ್ಲಾ ಜೋಡಿಸಿ ಸೆಲ್ಫ್ ಹೊಡೆದೆ. ಕಾರ್ಬೋರೇಟರ್‌ನಿಂದ ಢಂ! ಇನ್ನೊಮ್ಮೆ ಹೊಡೆದೆ, ಈ ಸಲ ಸೈಲೆನ್ಸರ್‌ನಿಂದ ಢಂ! ಬೀದಿ ನಾಯಿಗಳು ಬಾತಿ ಗುಡ್ಡ ಹತ್ತಿದವು. ಗುರುತು ನೂರಕ್ಕೆ ನೂರು ಸರಿ ಇತ್ತು. ಏನು ತಪ್ಪಾಯಿತು?

ಹರಿಹರದ_ಟರ್ನರ್

ತೊಳೆಯೋಕೆ ಆಯಿಲ್ ಪಂಪ್ ಬಿಚ್ಚಿದ್ದಿರಿ ಅಲ್ವಾ?

ಬಾತಿ_ಜೀಪ್

ಹೌದು. ಫ್ಲೈವೀಲ್ ಮೇಲಿನ ಟಿಸಿ ಗುರುತು (1ನೇ ಪಿಸ್ಟನ್ ತುತ್ತತುದಿಗೆ ಬಂದಾಗಿನದು) ಕಿಂಡಿಗೆ ತಂದು, ರೋಟರ್ 1ನೇ ಸಿಲಿಂಡರ್ ಕಡೆ ನೋಡುವ ಹಾಗೆ ಪಂಪ್ ಕೂರಿಸಿದೆ.

ಹರಿಹರದ_ಟರ್ನರ್

ಟಿಸಿ ಗುರುತು ಕಿಂಡಿಗೆ ಎರಡು ಸಲ ಬರುತ್ತದೆ ತಮ್ಮಾ. ಒಮ್ಮೆ 1ನೇ ಸಿಲಿಂಡರ್ ಕಂಪ್ರೆಶನ್‌ಗೆ, ಒಮ್ಮೆ 4ನೆಯದಕ್ಕೆ. ಈ ಎಂಜಿನ್‌ನಲ್ಲಿ ಡೆಲ್ಕೊ ತಿರುಗುವುದೇ ಆಯಿಲ್ ಪಂಪಿನ ಶಾಫ್ಟಿನಿಂದ. ನೀವು ಪಂಪನ್ನು ತಪ್ಪು ಸುತ್ತಿನಲ್ಲಿ ಕೂರಿಸಿದ್ದೀರಿ.

1ನೇ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ತಮ್ಮ ಹ್ಯಾಂಡಲ್ ತಿರುಗಿಸಲಿ. ಬೆರಳನ್ನು ಗಾಳಿ ಪುಸ್ ಅಂತ ದಬ್ಬಿದಾಗ ನಿಲ್ಲಿಸಿ ಟಿಸಿ ಗುರುತಿಗೆ ತನ್ನಿ. ಅದೇ ನಿಜವಾದ ಕಂಪ್ರೆಶನ್. ಪಂಪ್ ಹೊರಗೆ ಎಳೆದು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಿ. ಆಮೇಲೆ ಇಗ್ನಿಷನ್ ಟಿಸಿಗಿಂತ 5 ಡಿಗ್ರಿ ಮುಂಚೆಗೆ, ಸಿಲಿಂಡರ್ ಹೊತ್ತುವ ಸರದಿ 1-3-4-2. ಟ್ಯಾಪೆಟ್ ಸಂದೂ ಒಮ್ಮೆ ನೋಡಿಬಿಡಿ. ಇನ್‌ಲೆಟ್ 18 ಥೌ, ಎಕ್ಸಾಸ್ಟ್ 16.

ಮಂಡಕ್ಕಿ_ಮಿರ್ಚಿ

ಇದನ್ನೆಲ್ಲಾ ಓದಿ ನಾನು ಅಂಬಾಸಡರ್ ಚರ್ಚೆ ಶುರು ಮಾಡೋ ಯೋಚನೆ ಬಿಟ್ಟೆ.

ಬಾತಿ_ಜೀಪ್

ಸೆಲ್ಫ್ ಅರ್ಧ ಹೊಡೆಯುವಷ್ಟರಲ್ಲೇ ಹೊತ್ತಿಕೊಂಡಿತು!! ಸದ್ದೇ ಬೇರೆ. ಮೊದಲು ಮುಂದುಗಡೆ ರವೆ ಜರಡಿ ಹಿಡಿದ ಹಾಗೆ ಒಂದು ಶಬ್ದ ಬರುತ್ತಿತ್ತು. ಹಳೇ ಎಂಜಿನ್, ಹೀಗೇ ಇರುತ್ತೆ ಅಂದುಕೊಂಡಿದ್ದೆ. ಅದು ಪೂರ್ತಿ ಮಾಯ. ಕವರಿಗೆ ಉದ್ದ ಸ್ಕ್ರೂಡ್ರೈವರ್ ಒತ್ತಿ, ಹಿಡಿಗೆ ಕಿವಿ ಇಟ್ಟು ಕೇಳಿದೆ. ಬರೀ ಗುಯ್ ಅಂತ ಮೆತ್ತಗಿನ ಸದ್ದು.

ನೂರು ಕಿಲೋಮೀಟರ್ ಊರಲ್ಲೇ ಓಡಿಸಿ, ಆಯಿಲ್ ಬದಲಾಯಿಸಿ, ಇವತ್ತು ಚಿತ್ರದುರ್ಗಕ್ಕೆ ಹೋಗಿ ಜೋಗಿಮಟ್ಟಿ ಹತ್ತಿಸಿದೆ. ಎರಡನೇ ಗೇರಿನಲ್ಲಿ ಎಲ್ಲೂ ಉಸಿರು ಕಟ್ಟಲಿಲ್ಲ. ಕೋಟೆಬಾಗಿಲು ಅಕ್ಕ, ನಿಮ್ಮ ಮನೆ ಹತ್ತಿರವೇ ಹಾದು ಬಂದೆ, ಷೆವ್ರೊಲೆ ನೋಡೋ ಆಸೆ ಇತ್ತು, ಹೊತ್ತಾಗಿತ್ತು.

ಕೋಟೆಬಾಗಿಲು

ಮುಂದಿನ ಸಲ ಬರಲೇಬೇಕು. ಬರುವಾಗ ಆ ಕ್ಲಚ್ ವೈರಿನ ಎಳೆ ತನ್ನಿ, ನನ್ನ ಎಂಜಿನ್‌ನಲ್ಲೂ ಗೇರಿಗೆ ಎಣ್ಣೆ ಬಿಡುವ ನಳಿಗೆ ಇದೆ.

ಹಳೇಪಾನಾ

ನಾನು ನನ್ನದನ್ನು ಬಿಚ್ಚಿ ನೋಡಿದೆ. ಜೆಟ್ ಚೆನ್ನಾಗಿದೆ. ಸ್ಟೀಲ್ ಗೇರ್ ಕೂಡ ಚೆನ್ನಾಗಿದೆ. ಸುಮ್ನೆ ಎರಡು ದಿನ ಹಾಳಾಯಿತು.

ಬಾತಿ_ಜೀಪ್

ಒಂದೇ ಒಂದು ಕೊರಗು. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಟೈಮಿಂಗ್ ಕವರ್ ಕೆಳಗೆ ಮೂರು ಹನಿ ಆಯಿಲ್ ಬಿದ್ದಿರುತ್ತದೆ. ಸೀಲ್ ಹೊಸದು. ಪುಲ್ಲಿ ತೂರಿಸಿ, ಸೀಲ್ ನಡುವಿಗೆ ಬಂದ ಮೇಲೆಯೇ ಕವರ್ ಬೋಲ್ಟ್ ಬಿಗಿ ಮಾಡಿದ್ದು.

ಹರಿಹರದ_ಟರ್ನರ್

ಪುಲ್ಲಿಯ ಹಬ್ಬಿನಲ್ಲಿ ಸೀಲ್ ಉಜ್ಜುವ ಜಾಗ ಇದೆಯಲ್ಲ, ಬಿಚ್ಚಿದಾಗ ಅದರ ಮೇಲೆ ಉಗುರು ಆಡಿಸಿ ನೋಡಿದ್ದಿರಾ? ಗೆರೆ ಸಿಕ್ಕಿತ್ತಾ?

ಬಾತಿ_ಜೀಪ್

ಸಿಕ್ಕಿತ್ತು. ಉಗುರು ನಿಲ್ಲುವಷ್ಟು.

ಹರಿಹರದ_ಟರ್ನರ್

ಹಾಗಾದರೆ ಹೊಸ ಸೀಲಿನ ತುಟಿ ಆ ಹಳ್ಳದಲ್ಲೇ ಕೂತಿದೆ. ಭಾನುವಾರ ಪುಲ್ಲಿ ಬಿಚ್ಚಿಕೊಂಡು ಹರಿಹರಕ್ಕೆ ಬನ್ನಿ. ಒಂದು ತೆಳು ಬುಷ್ ತೊಡಿಸಿ ಕೊಡುತ್ತೇನೆ. ಬರುವಾಗ ಆ ಹಳೇ ಗೇರೂ ತನ್ನಿ, ನೋಡಬೇಕು.